ಮರ್ಯಾದೆಗೆ ನಾಲ್ಕು ಇಂಚು

ಬಾಬಿನ್ನಿಗೆ ನೂಲು ಸುತ್ತಿ ಮುಗಿದು ಎಷ್ಟೋ ಹೊತ್ತಾಗಿದ್ದರೂ ಸೇವಂತಿ ತಲೆ ಎತ್ತಲಿಲ್ಲ. ರಸ್ತೆಯ ಆಚೆ ಬದಿ, ಸುಳ್ಯದ ಬಸ್ಸು ನಿಲ್ಲುವಲ್ಲಿ, ಕುಸುಮಾವತಿ ಕೊಡೆ ಮಡಚಿ ನೀರು ಕೊಡವುತ್ತ ನಿಂತಿದ್ದಳು. ಪಕ್ಕದಲ್ಲಿ ಅವಳ ಕಿರಿಮಗಳು. ಎರಡು ವರ್ಷಗಳಿಂದ ಇದು ಹೀಗೆಯೇ. ಕುಸುಮಾವತಿ ಅರಂತೋಡಿನ ಪೇಟೆಯಲ್ಲಿ ಕಾಣಿಸಿಕೊಂಡ ದಿನ ಸೇವಂತಿಗೆ ಮೆಷಿನ್ನಿನ ಹೊಟ್ಟೆಯೊಳಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಬಾಬಿನ್ ಬಿಚ್ಚುತ್ತಾಳೆ, ಎಣ್ಣೆ ಬಿಡುತ್ತಾಳೆ, ಇಲ್ಲದ ನೂಲಿನ ತುಣುಕನ್ನು ಹುಡುಕುತ್ತಾಳೆ. ಬಸ್ಸು ಬಂದು ಹೋದ ಸದ್ದಾದ ಮೇಲೆ ಮೆಲ್ಲಗೆ ಕತ್ತೆತ್ತಿ, ರಸ್ತೆ ಖಾಲಿಯಾದದ್ದನ್ನು ನೋಡಿ, ಸೆರಗಿನಿಂದ ಕೆನ್ನೆ ಒರೆಸಿಕೊಳ್ಳುತ್ತಾಳೆ. ಕುಸುಮಾವತಿ ಒಂದು ದಿನ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಾಲ್ಕು ಜನ ಕೇಳುವ ಹಾಗೆ ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಬೈದದ್ದೇ ಇಲ್ಲ. ತನ್ನ ರವಿಕೆಗಳನ್ನು ಸುಳ್ಯದಲ್ಲಿ ಹೊಲಿಸತೊಡಗಿದಳು, ಅಷ್ಟೆ. ಅದು ಕೂಡ ನಿಜವೋ ಸುಳ್ಳೋ. ಬಸ್ಸು ಹತ್ತುವಾಗ ಅವಳ ಕೈಯಲ್ಲಿ ಚೀಲ ಕಂಡು ಸೇವಂತಿ ತಾನೇ ಊಹಿಸಿಕೊಂಡದ್ದು.

ಇವತ್ತು ಬಸ್ಸು ಬಂತು, ಹೋಯಿತು. ಸೇವಂತಿ ಕತ್ತೆತ್ತುವಾಗ ಕುಸುಮಾವತಿ ಮೆಟ್ಟಿಲ ಮೇಲೆಯೇ ಇದ್ದಳು.

“ಎಂತ ಸೇವಂತಿಯಕ್ಕ, ಪುರುಸೊತ್ತು ಉಂಟಾ?”

“ಬಾ ಮಾರಾಯ್ತಿ, ಕೂತ್ಕೊ,” ಎಂದಳು ಸೇವಂತಿ. ತನ್ನ ದನಿ ಇಷ್ಟು ಸಲೀಸಾಗಿ ಹೊರಟದ್ದಕ್ಕೆ ಅವಳಿಗೇ ಅಸಹ್ಯವಾಯಿತು. ಬೆಂಚಿನ ಮೇಲಿದ್ದ ಯೂನಿಫಾರ್ಮಿನ ರಾಶಿಯನ್ನು ಅವಸರವಸರವಾಗಿ ಸರಿಸಿದಳು. ಅದರಲ್ಲಿ ಅರ್ಧ ಕೆಳಗೆ ಬಿತ್ತು. ಕುಸುಮಾವತಿ ಕೂರಲಿಲ್ಲ. ಅವಳು ಕಡಬದ ಕಡೆಯ ಹೆಣ್ಣು, ತುಳು ಆಡಿ ಬೆಳೆದವಳು. ಮದುವೆಯಾಗಿ ಈ ಕಡೆ ಬಂದು ಹದಿನಾಲ್ಕು ವರ್ಷವಾದರೂ ಅರೆಭಾಷೆ ಅವಳ ನಾಲಗೆಗೆ ಪೂರ್ತಿ ಒಗ್ಗಿಲ್ಲ, ಹಾಗಾಗಿ ಸೇವಂತಿಯ ಹತ್ತಿರ ಮೊದಲಿನಿಂದಲೂ ಕನ್ನಡವೇ. ಆ ಕನ್ನಡದಲ್ಲಿ ಅವಳು ನೆಲ ನೋಡುತ್ತ ಹೇಳಿದಳು:

“ಮೋಕ್ಷಿತಾಳಿಗೆ ಒಂದು ರೈನ್‌ಕೋಟು ಆಗ್ಬೇಕಿತ್ತು.”

ಸೇವಂತಿಯ ಕೈಯಲ್ಲಿದ್ದ ಟೇಪು ಕೈಯಲ್ಲೇ ಉಳಿಯಿತು. “ಈಗ ರೆಡಿಮೇಡು ಒಳ್ಳೊಳ್ಳೆದು ಬರ್ತದಲ್ಲ ಕುಸುಮ. ಸುಳ್ಯದಲ್ಲಿ ಬೇಕಾದಷ್ಟು ಉಂಟು. ಕಾರ್ಟೂನು ಚಿತ್ರ ಎಲ್ಲ ಇರ್ತದೆ...”

“ನಾನೂ ಅದೇ ಹೇಳಿದ್ದು. ಇವಳಿಗೆ ನೀವು ಹೊಲಿದದ್ದೇ ಆಗ್ಬೇಕಂತೆ. ಅಕ್ಕನದ್ದರ ಹಾಗೆ.”

“ಹಳದಿ ಅಂಚು ಇಟ್ಟು,” ಎಂದಳು ಹುಡುಗಿ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಡಬ್ಬದಿಂದ ತೆಗೆದು ತನ್ನ ಐದೂ ಬೆರಳುಗಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅವಳ ಅಕ್ಕ ಸಮನ್ವಿತಾ ಕೂಡ ಹಾಗೆಯೇ ಮಾಡುತ್ತಿದ್ದಳು. ಪ್ಲಾಸ್ಟಿಕ್ ಬಟ್ಟೆಗೆ ಗುಂಡುಸೂಜಿ ಚುಚ್ಚುವ ಹಾಗಿಲ್ಲ, ಚುಚ್ಚಿದ ತೂತು ಮತ್ತೆ ಮುಚ್ಚುವುದಿಲ್ಲ, ಅದಕ್ಕೇ ಕ್ಲಿಪ್ಪು. ಅದನ್ನು ವಿವರಿಸಿ ಹೇಳಿದಾಗ ಸಮನ್ವಿತಾ ಕಣ್ಣು ಅಗಲಿಸಿ, ಹಾಗಾದರೆ ರೈನ್‌ಕೋಟಿಗೆ ನೋವಾಗುತ್ತದಾ ಎಂದು ಕೇಳಿದ್ದಳು. ನಾಲ್ಕನೇ ಕ್ಲಾಸಿನ ಮಗು. ಹೌದು ಪುಟ್ಟ, ಅದಕ್ಕೆ ಗಾಯ ಮಾಯುವುದಿಲ್ಲ ಎಂದಿದ್ದಳು ಸೇವಂತಿ, ಬಹಳ ಚಂದದ ಮಾತು ಹೇಳಿದವಳ ಹಾಗೆ.

ಕುಸುಮಾವತಿ ಚೀಲದಿಂದ ಎರಡು ಕಟ್ಟುಗಳನ್ನು ತೆಗೆದಳು. “ಪುತ್ತೂರಿಗೆ ಹೋದಾಗ ದರ್ಬೆಯಲ್ಲಿ ಈ ಬಟ್ಟೆ ಸಿಕ್ಕಿತು. ಅದೇ ನೀಲಿ. ಮತ್ತೆ ಇದು...” ಎರಡನೆಯದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದು. ಅದನ್ನು ಕೊಡುವಾಗ ಅವಳ ಕೈ ಒಂದು ಕ್ಷಣ ತಡೆಯಿತು. “ಅಳತೆಗೆ ಅವಳದ್ದೇ ತಂದೆ. ಇವಳಿಗೀಗ ಅವಳ ಪ್ರಾಯ. ಮೈಯೂ ಅಷ್ಟೆ. ಉದ್ದ ನೀವು ನೋಡಿ ಹಾಕಿ.”

ಉದ್ದ ನೀವು ನೋಡಿ ಹಾಕಿ. ಸೇವಂತಿ ತಲೆ ಆಡಿಸಿದಳು. ಶನಿವಾರ ಮಧ್ಯಾಹ್ನ ಬನ್ನಿ ಎಂದಳು. ತಾಯಿ ಮಗಳು ಒಂದೇ ಕೊಡೆಯಲ್ಲಿ ರಸ್ತೆ ದಾಟಿದರು. ಕುಸುಮಾವತಿಯ ರವಿಕೆಯ ಬೆನ್ನಿನ ಹುಕ್ಕುಗಳು ಬಿದ್ದುಹೋಗಿ ಅಲ್ಲಿ ಎರಡು ಸೇಫ್ಟಿಪಿನ್ನು ಹಾಕಿದ್ದು ಸೇವಂತಿಗೆ ಕಂಡಿತು. ಹುಡುಗಿಯ ಚೀಲದ ಪಟ್ಟಿಗೂ ಪಿನ್ನು. ಒಂದು ಹುಕ್ಕು ಹೊಲಿಯಲಾರದಷ್ಟು ಸೋಮಾರಿಯಲ್ಲ ಕುಸುಮ. ಒಂದು ಕಾಲದಲ್ಲಿ ಹಳೆ ಸೀರೆಯಿಂದ ಕೈಹೊಲಿಗೆಯ ಚಾದರ ಮಾಡುತ್ತಿದ್ದವಳು, ಹೊಲಿಗೆಯ ಒಂದೊಂದು ಟಾಂಕು ಅಕ್ಕಿಕಾಳಿನಷ್ಟೇ, ಸಾಲು ನೆಟ್ಟಗೆ. ಸೇವಂತಿಗೆ ಅದು ವಿಚಿತ್ರವೆನಿಸಿತು, ಆದರೆ ಅದರ ಬಗ್ಗೆ ಯೋಚಿಸುವಷ್ಟು ಜಾಗ ಆಗ ಅವಳ ತಲೆಯಲ್ಲಿರಲಿಲ್ಲ.

ಸೀರೆಯ ತುಂಡನ್ನು ಬಿಚ್ಚುವ ಧೈರ್ಯ ಮಧ್ಯಾಹ್ನದವರೆಗೂ ಬರಲಿಲ್ಲ. ಅದನ್ನು ಮೆಷಿನ್ನಿನ ಮೇಲಿಟ್ಟಳು, ತೆಗೆದು ಕಪಾಟಿನಲ್ಲಿಟ್ಟಳು, ಕಪಾಟಿನ ಬಾಗಿಲು ಹಾಕಿದರೆ ಉಸಿರು ಕಟ್ಟೀತೆನ್ನುವ ಹಾಗೆ ಅರ್ಧ ತೆರೆದಿಟ್ಟಳು. ಹೊರಗೆ ಮಳೆ ಹಿಡಿಯಿತು. ಶಾಲೆಯ ಮಕ್ಕಳು ಊಟದ ಬಿಡುವಿನಲ್ಲಿ ಕಿರುಚುವುದು ಇಲ್ಲಿಯವರೆಗೆ ಕೇಳುತ್ತದೆ. ಅಂಥದೇ ಒಂದು ಮಳೆಯಲ್ಲಿ, ಹೈಸ್ಕೂಲಿನ ಮೊದಲ ವರ್ಷ, ಸೇವಂತಿ ಕೊಡೆಯಿಲ್ಲದೆ ಮೂರು ಮೈಲಿ ನಡೆದು ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು. ಲಂಗ ಕಾಲಿಗೆ ಅಂಟಿಕೊಂಡಿತ್ತು, ಬಿಳಿ ರವಿಕೆ ಮೈಗೆ. ಮಾಸ್ತರು ಪಾಠ ನಿಲ್ಲಿಸಿ, ಮೇಲಿನಿಂದ ಕೆಳಗೆ ನೋಡಿ, “ಎಂತ ಇದು, ಪ್ರದರ್ಶನಕ್ಕೆ ಬಂದದ್ದಾ?” ಎಂದರು. ಹುಡುಗರು ನಕ್ಕರು. ಹುಡುಗಿಯರೂ ನಕ್ಕರು, ಅದು ಹೆಚ್ಚು ಉರಿಯಿತು. ಆ ದಿನ ಇಡೀ ಹೊತ್ತು ಲಂಗ ಒಣಗುವವರೆಗೆ ಕೊನೆಯ ಬೆಂಚಿನಲ್ಲಿ ಮೊಣಕಾಲು ಜೋಡಿಸಿಕೊಂಡು ಕೂತಿದ್ದವಳು ಒಂದು ಲೆಕ್ಕದಲ್ಲಿ ಇನ್ನೂ ಎದ್ದಿಲ್ಲ. ಹೊಲಿಗೆ ಕಲಿತ ಮೇಲೆ ಹೆಣ್ಣುಮಕ್ಕಳ ಮಳೆಗಾಲದ ಬಟ್ಟೆ ಯಾವುದೇ ಇರಲಿ, ಅಳತೆ ಬರೆದುಕೊಂಡ ಮೇಲೆ ಅವಳದ್ದೊಂದು ಸೇರಿಕೆ ಇದ್ದೇ ಇರುತ್ತಿತ್ತು: ನಾಲ್ಕು ಇಂಚು ಬೆಳೆಯಲಿಕ್ಕೆ, ನಾಲ್ಕು ಇಂಚು ಮರ್ಯಾದೆಗೆ. ಅದನ್ನು ತಮಾಷೆಯಾಗಿಯೇ ಹೇಳುತ್ತಿದ್ದಳು. ತಾಯಂದಿರು ನಗುತ್ತಿದ್ದರು. ಅರಂತೋಡಿನಲ್ಲಿ ಸೇವಂತಿಯಕ್ಕ ಹೊಲಿದ ಲಂಗ ಮೂರು ವರ್ಷ ಬರುತ್ತದೆ ಎಂದು ಹೆಸರೇ ಇತ್ತು.

ಸಮನ್ವಿತಾಳ ಕೋಟಿಗೆ ಕುಸುಮಾವತಿ ಹೇಳಿದ ಅಳತೆ ಮೊಣಕಾಲು ಮುಚ್ಚುವಷ್ಟು. ಪುಸ್ತಕದಲ್ಲಿ ಹಾಗೆಯೇ ಬರೆದದ್ದು. ಕತ್ತರಿಸುವಾಗ ಎಂಟು ಇಂಚು ಸೇರಿಸಿದ್ದು ಸೇವಂತಿಯ ಕೈ. ಬರಿ ಉದ್ದ ಮಾಡಿ ಬಿಟ್ಟಿದ್ದರೆ ಒಂದು ಮಾತು. ಅಂಚಿಗೆ ಸುತ್ತಲೂ ಹಳದಿ ಪೈಪಿಂಗ್ ಕೂರಿಸಿದ್ದಳು. ಜಾರುವ ಪ್ಲಾಸ್ಟಿಕ್ಕಿಗೆ ಪೈಪಿಂಗ್ ಕೂರಿಸುವುದು ಹುಡುಗಾಟವಲ್ಲ. ಮೆಷಿನ್ನಿನ ಪಾದಕ್ಕೆ ಪೌಡರು ಸವರಿ, ಗೇಣು ಗೇಣಿಗೂ ಉಸಿರು ಹಿಡಿದು, ಇಡೀ ಒಂದು ಮಧ್ಯಾಹ್ನ. ನಾಲ್ಕು ದಿನ ಬಿಟ್ಟು ಕುಸುಮಾವತಿ ಕೋಟು ಹಿಡಿದುಕೊಂಡು ಬಂದಳು. “ಅಕ್ಕ, ಸ್ವಲ್ಪ ಉದ್ದ ಆಯ್ತಾ ಅಂತ. ಕಾಲಿಗೆ ಸಿಕ್ತದಂತೆ. ಮಡಚಿ ಹೊಲಿದು ಕೊಡ್ತೀರಾ?” ಸೇವಂತಿಗೆ ಅವತ್ತು ಅವಸರವಿತ್ತು, ಮದುವೆಯ ರವಿಕೆಗಳಿದ್ದವು, ಆದರೆ ಅದು ನೆಪ. “ಪ್ಲಾಸ್ಟಿಕ್ಕಿಗೆ ಎರಡೆರಡು ಸಲ ಸೂಜಿ ಹಾಕುದು ಬೇಡ ಕುಸುಮ. ಸೂಜಿ ಬಿದ್ದಲ್ಲೆಲ್ಲ ನೀರು ಬರ್ತದೆ, ಮತ್ತೆ ಅಲ್ಲಿಂದಲೇ ಹರೀತದೆ. ಬರುವ ವರ್ಷಕ್ಕೆ ಸರಿ ಆಗ್ತದೆ ನೋಡು, ಮಕ್ಕಳು ಬೆಳೆಯುದು ಗೊತ್ತೇ ಆಗುದಿಲ್ಲ,” ಎಂದಳು. ಕುಸುಮಾವತಿ ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು. ಅದಾಗಿ ಆರನೆಯ ದಿನ ಸಂಜೆ, ಮನೆಯ ಕೆಳಗೆ ಹರಿಯುವ ತೋಡಿಗೆ ಹಾಕಿದ್ದ ಅಡಿಕೆಮರದ ಕಾಲುಸೇತುವೆಯನ್ನು, ಆ ಪಾಲವನ್ನು, ದಾಟುವಾಗ ಮಗು ಮುಗ್ಗರಿಸಿತು. ಹಿಂದೆ ಬರುತ್ತಿದ್ದ ಮಕ್ಕಳು ನೋಡಿದ್ದು ಅಷ್ಟೇ: ಕಾಲಿಗೆ ಏನೋ ಸಿಕ್ಕಿ ಬಿದ್ದಳು. ತೋಡು ತುಂಬಿತ್ತು.

ಮರುದಿನ ಮಧ್ಯಾಹ್ನ ಹುಡುಕಲು ಹೋದವರಲ್ಲಿ ಸೀನನೂ ಇದ್ದ, ರಬ್ಬರು ಹಾಲು ತೆಗೆಯುವವನು. ತೋಡು ಹೋಗಿ ಸೇರುವ ಪಯಸ್ವಿನಿ ಹೊಳೆಯ ದಂಡೆಯಲ್ಲಿ ಬೇರುಗಳ ಎಡೆಯಿಂದ ಮಗುವನ್ನು ಎತ್ತಿದವನು ಅವನೇ. ವಾರ ಕಳೆದು ಸೇವಂತಿಯ ಅಂಗಡಿಯೆದುರು ನಿಂತು, ಸಮಾಧಾನ ಹೇಳುವವನ ಹಾಗೆ, “ನೀವು ಹಾಕಿದ ಹಳದಿ ಅಂಚು ಇತ್ತಲ್ಲ ಅಕ್ಕ, ಅದು ದೂರಕ್ಕೇ ಕಂಡಿತು. ಇಲ್ಲದಿದ್ದರೆ ಸಿಗುದೇ ಕಷ್ಟ ಇತ್ತು,” ಎಂದ. ಅವನು ಒಳ್ಳೆಯದನ್ನೇ ಹೇಳಿದ. ಹನ್ನೊಂದನೆಯ ದಿನದ ಊಟಕ್ಕೆ ಹೋದಾಗಲೂ ಹೆಂಗಸರು ಅದನ್ನೇ ಆಡಿದರು: ಎಷ್ಟು ಚಂದದ ಕೋಟು, ಹಾಕಿಕೊಂಡು ಎರಡು ವಾರ ಆಗಿರಲಿಲ್ಲ. ಕಾಲಿಗೆ ಸಿಕ್ಕಿದ್ದು ಏನು ಎಂದು ಯಾರೂ ಕೇಳಲಿಲ್ಲ. ಪಾಲದ ಮೇಲೆ ಪಾಚಿ ಇತ್ತು, ಹಿಡಿದುಕೊಳ್ಳಲು ಬಿದಿರು ಕಟ್ಟಿರಲಿಲ್ಲ, ಸೇತುವೆ ಮಾಡಿಕೊಡಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಬೈಯಲು ಬೇಕಾದಷ್ಟು ಕಾರಣಗಳಿದ್ದವು, ದರ್ಜಿಯವಳವರೆಗೆ ಬರುವ ಅಗತ್ಯವೇ ಬೀಳಲಿಲ್ಲ. ಈಗ ಅಲ್ಲಿ ಕಾಂಕ್ರೀಟಿನ ಸೇತುವೆ ಆಗಿದೆ. ಸೇವಂತಿ ಮಾತ್ರ ತನ್ನ ಎಲೆಯ ಮುಂದೆ ಕೂತು, ಬಡಿಸಿದ ಪಾಯಸಕ್ಕೆ ಕೈಯದ್ದಿ, ತಿನ್ನಲಾರದೆ ಎದ್ದು ಬಂದಿದ್ದಳು. ಪಾಪ ಅವಳಿಗೂ ಮಗುವಿನ ಮೇಲೆ ಎಷ್ಟು ಜೀವ ಇತ್ತು ಎಂದು ಹಿಂದಿನಿಂದ ಯಾರೋ ಅಂದರು.

ಮೂರು ಗಂಟೆಯ ಹೊತ್ತಿಗೆ ಸೀರೆಯ ತುಂಡು ಬಿಚ್ಚಿದಳು. ಕೋಟನ್ನು ಒಗೆದು ನೆರಳಿನಲ್ಲಿ ಒಣಗಿಸಿ ಮಡಚಿಟ್ಟಿದ್ದರು; ಮಡಿಕೆಯ ಗೆರೆಗಳಲ್ಲಿ ನೀಲಿ ಬೆಳ್ಳಗಾಗಿತ್ತು. ತೋಳು, ಟೊಪ್ಪಿ, ಗುಂಡಿಗಳು ಎಲ್ಲ ಸರಿಯಾಗಿಯೇ ಇದ್ದವು. ಕೆಳಗೆ ಬಂದಾಗ ಅವಳ ಕೈ ನಿಂತಿತು. ಅಂಚಿನಿಂದ ಒಂದು ಗೇಣು ಮೇಲೆ ಸುತ್ತಲೂ ಬಿಳಿ ನೂಲಿನ ಟಾಂಕುಗಳು. ಅಕ್ಕಿಕಾಳಿನಷ್ಟೇ ಸಣ್ಣವು, ಸಾಲು ನೆಟ್ಟಗೆ. ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ. ಮಡಚಿ, ಒಳಗಿನಿಂದ ಹಿಡಿದು, ಇದ್ದಷ್ಟು ಜಾಣ್ಮೆಯನ್ನೆಲ್ಲ ಹಾಕಿ ಹೊಲಿದದ್ದು. ಅಷ್ಟು ಒತ್ತೊತ್ತಾಗಿ ಚುಚ್ಚಿದರೆ ಪ್ಲಾಸ್ಟಿಕ್ಕು ಅಂಚೆಚೀಟಿಯ ಹಾಗೆ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡಿತ್ತು. ಹಿಂಬದಿಯಲ್ಲಿ ಅರ್ಧ ಸುತ್ತು ಹರಿದು, ಹಳದಿ ಅಂಚಿನ ಪಟ್ಟಿ ತೊಟ್ಟಿಲಿನ ಹಗ್ಗದಂತೆ ಜೋತುಬಿದ್ದಿತ್ತು. ಒಂದು ಮಗುವಿನ ಕಾಲು ತೂರಿ ಸಿಕ್ಕಿಕೊಳ್ಳಲು ಬೇಕಾದಷ್ಟು.

ಸೇವಂತಿ ಬಹಳ ಹೊತ್ತು ಅದನ್ನೇ ನೋಡಿದಳು. ಮೊದಲು ಬಂದದ್ದು ದುಃಖವಲ್ಲ. ಮೊದಲು ಬಂದದ್ದು, ಹೇಳಲು ನಾಚಿಕೆಯಾಗುವಂಥ ಒಂದು ಹಗುರ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿದ ಹಾಗೆ ಕುತ್ತಿಗೆ ಸಡಿಲಾಯಿತು. ನನ್ನ ಉದ್ದವಲ್ಲ. ಅವಳ ಟಾಂಕು. ನಾನು ಸೂಜಿ ಹಾಕಬೇಡ ಎಂದು ಹೇಳಿದ್ದೆ, ಬಾಯಿಬಿಟ್ಟು ಹೇಳಿದ್ದೆ. ಅಂಗಡಿ ಬೇಗ ಮುಚ್ಚಿದಳು. ಮೀನು ಮಾರುವ ಪೋಕರ್ ಬ್ಯಾರಿ ಸ್ಕೂಟರಿನಲ್ಲಿ ಹಾರ್ನು ಹಾಕುತ್ತ ಬಂದಾಗ ನಿಲ್ಲಿಸಿ, ಬಂಗುಡೆ ಚೌಕಾಶಿ ಮಾಡಿದಳು, ಅವನು “ಎಂತ ಸೇವಂತಿಯಕ್ಕ, ಇವತ್ತು ಭಾರಿ ಖುಷಿಯಲ್ಲಿದ್ದೀರಿ?” ಎಂದದ್ದಕ್ಕೆ ನಕ್ಕಳು ಕೂಡ. ಸಂಜೆಯೇ ಬಿಸಿಬಿಸಿ ಸಾರು ಮಾಡಿ ಎರಡು ಸಲ ಬಡಿಸಿಕೊಂಡು ಉಂಡಳು. ಮೀನಿನ ಮುಳ್ಳನ್ನು ತಟ್ಟೆಯ ಬದಿಗಿಡುವಾಗ, ಎರಡು ವರ್ಷದಲ್ಲಿ ತಾನು ರುಚಿ ಗೊತ್ತಾಗುವ ಹಾಗೆ ಉಂಡದ್ದು ಇವತ್ತೇ ಎಂಬುದು ಹೊಳೆಯಿತು. ಒಬ್ಬ ತಾಯಿಯ ಕೈಹೊಲಿಗೆ ನೋಡಿ ಬಂದ ಹಸಿವು ಇದು. ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದಳು.

ಜಗಲಿಯಲ್ಲಿ ಗಂಡ ಚೆನ್ನಕೇಶವ ಪ್ಲಾಸ್ಟಿಕ್ ಹಾಳೆ ಹರಡಿಕೊಂಡು ಕೂತಿದ್ದ. ಅವರಿಗೆ ಮುನ್ನೂರು ಚಿಲ್ಲರೆ ರಬ್ಬರು ಗಿಡಗಳಿವೆ. ಹಾಲು ಇಳಿಯುವ ಕಡೆಗೆ ಮಳೆನೀರು ತಾಗದಂತೆ ಪ್ರತಿ ಮರದ ಸೊಂಟಕ್ಕೂ ಪ್ಲಾಸ್ಟಿಕ್ಕು ಸುತ್ತಬೇಕು. ನನ್ನ ಹೆಣ್ಣುಮಕ್ಕಳಿಗೆ ಲಂಗ ಹಾಕುವ ಕಾಲ ಬಂತು ಎನ್ನುವುದು ಅವನ ಪ್ರತಿ ಮಳೆಗಾಲದ ತಮಾಷೆ. ಮಕ್ಕಳಿಲ್ಲದ ಮನೆಯಲ್ಲಿ ಆ ತಮಾಷೆಗೆ ಯಾರೂ ನಗುವುದಿಲ್ಲ, ಅವನು ನಿಲ್ಲಿಸುವುದೂ ಇಲ್ಲ. ಈ ವರ್ಷ ಕೆಲವು ಹಾಳೆ ಉದ್ದವಾಗಿ ಬಂದಿದ್ದವು. ಅವನು ಒಂದೊಂದನ್ನೇ ಎತ್ತಿ, ಕತ್ತರಿ ಇಟ್ಟು, ಸರ್ರನೆ ಎಳೆಯುತ್ತಿದ್ದ. ಬೇಡದ ಪಟ್ಟಿ ಕೆಳಗೆ ಬೀಳುತ್ತಿತ್ತು. ಅಂಚು ಬೇಕಾದರೆ ಹೊಲಿದುಕೊಡುತ್ತೀಯೇನು ಎಂದು ಹೆಂಡತಿಯನ್ನು ಕೆಣಕಿದ. ಸೇವಂತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸರ್ರ್. ಕತ್ತರಿಸಿದರೆ ಪ್ಲಾಸ್ಟಿಕ್ಕು ಬಟ್ಟೆಯ ಹಾಗೆ ನೂಲು ಬಿಡುವುದಿಲ್ಲ. ಅದಕ್ಕೆ ಮಡಿಕೆ ಬೇಡ, ಹೊಲಿಗೆ ಬೇಡ, ಸೂಜಿಯೇ ಬೇಡ. ಕತ್ತರಿಸಿ ಬಿಟ್ಟರೆ ಹಾಗೆಯೇ ಇರುತ್ತದೆ.

ಇದು ಈಗ ಹೊಳೆದ ವಿಷಯವಾಗಿದ್ದರೆ ಅವಳು ಹಣೆ ಚಚ್ಚಿಕೊಂಡು ಅಳಬಹುದಿತ್ತು. ಅವತ್ತೂ ಗೊತ್ತಿತ್ತು. ಕುಸುಮಾವತಿ ಕೋಟನ್ನು ಮೇಜಿನ ಮೇಲೆ ಹರಡಿದಾಗ ಕತ್ತರಿ ಅವರಿಬ್ಬರ ನಡುವೆಯೇ ಬಿದ್ದಿತ್ತು. ಅದರ ಹಿಡಿ ಸೇವಂತಿಯ ಕಡೆಗಿತ್ತು, ಅದೂ ನೆನಪಿದೆ. ಎರಡು ನಿಮಿಷದ ಕೆಲಸ. ಕೈ ಹೋಗಲಿಲ್ಲ, ಯಾಕೆಂದರೆ ಕತ್ತರಿಸಿದರೆ ಹೋಗುವುದು ಆ ಹಳದಿ ಅಂಚು, ಇಡೀ ಮಧ್ಯಾಹ್ನದ ಕೆಲಸ. ಬಸ್‌ಸ್ಟಾಂಡಿನಲ್ಲಿ ಯಾರೋ ಟೀಚರು ಕೋಟು ಮುಟ್ಟಿ ನೋಡಿ ಅಂಗಡಿಯದಕ್ಕಿಂತ ಚಂದ ಉಂಟಲ್ಲ ಎಂದದ್ದು ಎರಡು ದಿನದ ಹಿಂದೆಯಷ್ಟೇ ಅವಳ ಕಿವಿಗೆ ಬಿದ್ದಿತ್ತು. ಸೂಜಿ, ತೂತು, ನೀರು ಎಂದು ಅವಳು ಹೇಳಿದ್ದು ಒಂದೊಂದೂ ನಿಜ. ಆ ನಿಜಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಸುಳ್ಳು ಹೇಳಿದ್ದಳು. ಹರಿದ ಕೋಟನ್ನು ಕಂಡಾಗ ಇಳಿಯಿತು ಎಂದುಕೊಂಡ ಹೊರೆ ಇಳಿದದ್ದಲ್ಲ, ಇನ್ನೊಬ್ಬಳ ತಲೆಯ ಮೇಲೆ ಕೂತದ್ದು. ಬಹುಶಃ ಮೊದಲಿನಿಂದಲೂ ಅಲ್ಲಿಯೇ ಕೂತಿತ್ತು. ಆ ಸೇಫ್ಟಿಪಿನ್ನುಗಳು ಯಾಕೆಂದು ಅವಳಿಗೆ ಜಗಲಿಯಲ್ಲಿ ನಿಂತಲ್ಲೇ ಅರ್ಥವಾಯಿತು.

ಹೇಳಬೇಕು ಎಂದುಕೊಂಡಳು. ಗುರುವಾರ ಹೇಳಬೇಕು ಎಂದುಕೊಂಡು ಬಟ್ಟೆ ಕತ್ತರಿಸಿದಳು, ಶುಕ್ರವಾರ ಹೇಳಬೇಕು ಎಂದುಕೊಂಡು ಹೊಲಿದಳು. ಹೇಳುವುದರಿಂದ ಸತ್ತವಳು ಬರುವುದಿಲ್ಲ. ಹೇಳಿದರೆ ಅವಳಿಗೆ ಇನ್ನಷ್ಟು ಸಂಕಟವಾಗುತ್ತದೆ, ಎರಡು ನಿಮಿಷದ ಕೆಲಸದಲ್ಲಿ ಮಗು ಉಳಿಯಬಹುದಿತ್ತು ಎಂದು ಗೊತ್ತಾಗುವುದು ಯಾವ ತಾಯಿಗೆ ಬೇಕು? ಹೀಗೆ ಬಹಳ ದಯೆಯ ಯೋಚನೆಗಳು ಬಂದವು. ಮೆಷಿನ್ನು ಓಡುತ್ತಿರುವಷ್ಟು ಹೊತ್ತು ಆ ದಯೆ ಚೆನ್ನಾಗಿಯೇ ಇರುತ್ತಿತ್ತು. ನೂಲು ತುಂಡಾಗಿ ಮೆಷಿನ್ನು ನಿಂತ ಕೂಡಲೇ ಅದು ಬರೀ ಹೆದರಿಕೆ ಎಂದು ಗೊತ್ತಾಗುತ್ತಿತ್ತು. ಹಳದಿ ಪೈಪಿಂಗ್ ಎರಡು ವರ್ಷದ ಹಿಂದಿನದೇ ಡ್ರಾವರಿನಲ್ಲಿ ಉಳಿದಿತ್ತು. ಹುಡುಗಿ ಬಾಯಿಬಿಟ್ಟು ಕೇಳಿದ್ದಾಳಲ್ಲ, ಹಾಕಿದಳು. ಒಳಗಿನ ಹೊಲಿಗೆಗಳಿಗೆ ಮೇಣದ ಬತ್ತಿ ತಿಕ್ಕಿ ನೀರು ಹೊಯ್ದು ನೋಡಿದಳು. ಒಂದು ಹನಿ ಒಳಗೆ ಬರಲಿಲ್ಲ.

ಶನಿವಾರ ಶಾಲೆ ಬಿಟ್ಟು ಅರ್ಧ ಗಂಟೆಯಾದ ಮೇಲೆ ತಾಯಿ ಮಗಳು ಬಂದರು. ಮಳೆ ಸಣ್ಣಗೆ ಹಿಡಿದುಕೊಂಡಿತ್ತು. ಮೋಕ್ಷಿತಾ ಚೀಲ ಬಿಸಾಡಿ ಕೋಟಿಗೆ ತೋಳು ತೂರಿಸಿದಳು, ಟೊಪ್ಪಿ ಎಳೆದುಕೊಂಡಳು, ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಹಳದಿ ಅಂಚು ಅವಳ ಪಾದಕ್ಕೆ ತಾಗಿ ತಿರುಗಿತು.

ಸೇವಂತಿಗೆ ಮೊದಲು ಅರ್ಥವಾಗಲಿಲ್ಲ. ಮೊಣಕಾಲಿನವರೆಗೆ ಎಂದೇ ನಿಶ್ಚಯ ಮಾಡಿಕೊಂಡಿದ್ದಳು. ಹಳೆಯ ಕೋಟನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸುಕ್ಕು ನೀವಿ, ಗೆರೆ ಎಳೆದಿದ್ದಳು, ಅಷ್ಟೆ. ನೀವುವಾಗ ಮಡಿಕೆ ಬಿಚ್ಚಿ, ಹರಿದು ಜೋತ ಪಟ್ಟಿಯನ್ನೂ ನೇರ ಮಾಡಿ ಜೋಡಿಸಿ ಅದರ ಅಂಚಿನಿಂದಲೇ ಗೆರೆ ಎಳೆದದ್ದು ಯಾರು? ಮೂವತ್ತು ವರ್ಷ ಕೆಲಸ ಮಾಡಿದ ಕೈ. ಅದಕ್ಕೆ ಯಾರ ಸಾವೂ ತಾಗಿರಲಿಲ್ಲ. ತನ್ನ ಪಾಡಿಗೆ ತಾನು ಎಂಟು ಇಂಚು ಬಿಟ್ಟಿತ್ತು.

“ಕಾಲಿಗೆ ಸಿಕ್ತದೆ,” ಎಂದಳು ಮೋಕ್ಷಿತಾ.

ಕುಸುಮಾವತಿ ಅಂಚನ್ನು ನೋಡಿದಳು. “ಇರ್ಲಿ,” ಎಂದಳು. “ಬೆಳೀತಿ ಅಲ್ಲ ನೀನು. ಬರುವ ವರ್ಷಕ್ಕೆ ಸರಿ ಆಗ್ತದೆ. ಈಗ ಸೇತುವೆ ಉಂಟಲ್ಲ.” ಆಮೇಲೆ ಸೇವಂತಿಯ ಕಡೆ ತಿರುಗಿ, ಮಗಳಿಗೆ ಕೇಳದಷ್ಟು ಸಣ್ಣಗೆ, ತಡವರಿಸುತ್ತ ಹೇಳತೊಡಗಿದಳು. “ನೀವು ಅದನ್ನು ನೋಡಿದ್ರಲ್ಲ. ನೀವು ನೋಡ್ಬೇಕು ಅಂತಲೇ ತಂದದ್ದು ಅಕ್ಕ. ನನಗೆ ಬಾಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ. ನೀವು ಅಷ್ಟು ಹೇಳಿದ್ರಿ, ಸೂಜಿ ಹಾಕ್ಬೇಡ ಅಂತ. ನಾನು ಕೇಳ್ಲಿಲ್ಲ. ನನಗೆ ಹೊಲಿಗೆ ಗೊತ್ತುಂಟು ಅಂತ ಒಂದು ಅಹಂಕಾರ. ಅವತ್ತು ಬೆಳಿಗ್ಗೆ ಹೋಗುವಾಗ್ಲೇ ಹಿಂದೆ ಒಂದು ಕಡೆ ಬಿಟ್ಟಿತ್ತು. ‘ಅಮ್ಮಾ, ಹರಿದಿದೆ’ ಅಂದಳು ಅವಳು. ಸಂಜೆ ಬಾ, ಹಾಕಿಕೊಡ್ತೇನೆ ಅಂದೆ. ಮತ್ತೆ ನಾನು ಸೂಜಿ ಹಿಡೀಲಿಲ್ಲ. ಎರಡು ವರ್ಷ ಈ ಕಡೆ ಬರ್ಲಿಕ್ಕೆ ಮುಖ ಇರ್ಲಿಲ್ಲ ನನಗೆ. ಬಸ್ಸಿಗೆ ನಿಂತಾಗ ನೀವು ತಲೆ ಎತ್ತಿ ನೋಡುದಿಲ್ಲ. ನಿಮಗೆ ಗೊತ್ತಾಗಿದೆ ಅಂತ ನನಗೆ ಅನ್ನಿಸ್ತಿತ್ತು.”

“ಹಾಗೆಲ್ಲ ಹೇಳ್ಬೇಡ ಕುಸುಮ. ಎಲ್ಲ ಹಣೆಬರಹ,” ಎಂದಳು ಸೇವಂತಿ. ಎಷ್ಟು ಬೇಗ ಬಂತು ಆ ಮಾತು, ಎಷ್ಟು ಮೃದುವಾಗಿ. ಕುಸುಮಾವತಿ ಅದಕ್ಕೇ ಕಾದಿದ್ದವಳ ಹಾಗೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ಮುಗಿಯಿತು. ಇನ್ನು ಅವಳು ಹೋಗುತ್ತಾಳೆ, ರವಿಕೆಗಳನ್ನು ಮತ್ತೆ ಇಲ್ಲಿಗೇ ತರುತ್ತಾಳೆ, ಇಬ್ಬರೂ ಬೆಂಚಿನ ಮೇಲೆ ಕೂತು ಮಾತಾಡಬಹುದು, ಅವಳು ಪಾಪಿಯಾಗಿ, ಇವಳು ಕ್ಷಮಿಸಿದ ದೊಡ್ಡಕ್ಕನಾಗಿ. ಮೋಕ್ಷಿತಾ ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಬಾಗಿಲ ಹತ್ತಿರ ಎಡಗೈಯಿಂದ ಅಂಚನ್ನು ಒಂದಿಷ್ಟು ಎತ್ತಿ ಹಿಡಿದುಕೊಂಡಳು, ದೊಡ್ಡ ಹೆಂಗಸರು ಕೆಸರಿನಲ್ಲಿ ಸೀರೆ ಹಿಡಿಯುವ ಹಾಗೆ.

“ನಿಲ್ಲು ಪುಟ್ಟ,” ಎಂದಳು ಸೇವಂತಿ.

ಮೇಜಿನ ಮೇಲಿಂದ ಕತ್ತರಿ ತೆಗೆದುಕೊಂಡು ಹುಡುಗಿಯ ಮುಂದೆ ನೆಲಕ್ಕೆ ಮೊಣಕಾಲೂರಿದಳು. ಟೇಪು ಹಿಡಿಯಲಿಲ್ಲ. ಮೊಣಕಾಲಿನ ಚಿಪ್ಪಿಗಿಂತ ಎರಡು ಬೆರಳು ಕೆಳಗೆ ಕತ್ತರಿಯ ಬಾಯಿ ಇಟ್ಟು ಎಳೆದಳು. ಸರ್ರನೆ ಹೋಯಿತು. ಹುಡುಗಿ ಕಚಗುಳಿಯಾಗಿ ನಗುತ್ತ ನಿಂತಲ್ಲೇ ತಿರುಗಿದಳು. ಕತ್ತರಿ ಒಂದು ಸುತ್ತು ಬಂತು. ಹಳದಿ ಅಂಚಿದ್ದ ಅಗಲ ಪಟ್ಟಿ ಕಾಲುಗಳ ಸುತ್ತ ಉಂಗುರವಾಗಿ ಬಿತ್ತು. ಮೋಕ್ಷಿತಾ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿ ಅದರಿಂದ ಹೊರಗೆ ಬಂದಳು.

“ಅಯ್ಯೋ, ಹಳದಿ ಹೋಯ್ತು,” ಎಂದಳು.

ಕುಸುಮಾವತಿ ಬಗ್ಗಿ ಕೋಟಿನ ಹೊಸ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ನೂಲು ಎದ್ದಿರಲಿಲ್ಲ, ಏನೂ ಇರಲಿಲ್ಲ. “ಹೊಲಿಯುದು ಬೇಡವಾ ಇದಕ್ಕೆ?”

“ಬೇಡ.”

“ಹೀಗೆಯೇ ನಿಲ್ತದಾ?”

“ನಿಲ್ತದೆ.”

“ಇಷ್ಟೆಯಾ ಸೇವಂತಿಯಕ್ಕ?”

“ಇಷ್ಟೆ.”

ಆಚೆ ಬದಿಯಲ್ಲಿ ಒಂದು ಜೀಪು ನೀರು ಹಾರಿಸುತ್ತ ಮಡಿಕೇರಿಯ ಕಡೆ ಹೋಯಿತು. ಕುಸುಮಾವತಿಯ ಹೆಬ್ಬೆರಳು ಅಂಚಿನ ಮೇಲೆಯೇ ಇತ್ತು. ಅವಳು ಏನನ್ನೋ ಮನಸ್ಸಿನಲ್ಲೇ ಹಿಂದೆ ಹಿಂದೆ ಹೋಗಿ ಹುಡುಕುತ್ತಿರುವುದು, ಅಲ್ಲಿಗೆ ತಲುಪುವುದು, ಸೇವಂತಿಗೆ ಅವಳ ಮುಖದ ಮೇಲೆ ಕಾಣುತ್ತಿತ್ತು. ಕಣ್ಣು ತಪ್ಪಿಸಬಹುದಿತ್ತು. ಮೆಷಿನ್ನು ಹತ್ತಿರವೇ ಇತ್ತು.

“ಅವತ್ತೂ...?” ಎಂದಳು ಕುಸುಮಾವತಿ.

“ಅವತ್ತೂ ಇಷ್ಟೆ,” ಎಂದಳು ಸೇವಂತಿ. ನೆಲದ ಮೇಲೆ ಮೊಣಕಾಲೂರಿಯೇ ಇದ್ದಳು. “ಕತ್ತರಿ ಅಲ್ಲಿಯೇ ಇತ್ತು. ನನಗೆ ಗೊತ್ತಿತ್ತು. ಅಂಚು ಹೋಗ್ತದೆ ಅಂತ ಮಾಡ್ಲಿಲ್ಲ.”

ಕುಸುಮಾವತಿ ಬೈಯಲಿಲ್ಲ. ಈಗಲೂ ಬೈಯಲಿಲ್ಲ. ನೆಲದ ಮೇಲಿನ ಪಟ್ಟಿಯನ್ನು ಎತ್ತಿಕೊಂಡು, ಏನು ಮಾಡಬೇಕೆಂದು ಗೊತ್ತಾಗದವಳ ಹಾಗೆ ಅಂಗೈಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹೊಲಿಗೆಯ ಕೂಲಿಯನ್ನು ಮೇಜಿನ ಮೇಲಿಟ್ಟಳು. ಸೇವಂತಿ ಬೇಡವೆನ್ನಲಿಲ್ಲ, ಬೇಡವೆನ್ನುವುದಕ್ಕೂ ಒಂದು ಯೋಗ್ಯತೆ ಬೇಕು. ಹಳೆಯ ಕೋಟು ಸೀರೆಯ ತುಂಡಿನೊಂದಿಗೆ ಬೆಂಚಿನ ಮೇಲಿತ್ತು. ಅದನ್ನು ಕುಸುಮಾವತಿ ನೋಡಿದಳು, ತೆಗೆದುಕೊಳ್ಳಲಿಲ್ಲ. ಮಗಳ ಬೆನ್ನಿಗೆ ಕೈಯಿಟ್ಟು ಮೆಟ್ಟಿಲು ಇಳಿದಳು. ಕೊಡೆ ಕೈಯಲ್ಲೇ ಇದ್ದರೂ ಬಿಡಿಸಲಿಲ್ಲ.

ಸೇವಂತಿ ಎದ್ದು ಬಾಗಿಲಿಗೆ ಬಂದಳು. ಮಳೆ ಜೋರಾಗಿತ್ತು. ಕುಸುಮಾವತಿ ನೆನೆಯುತ್ತ ನೇರ ನಡೆಯುತ್ತಿದ್ದಳು, ಹಿಂದೆ ತಿರುಗಲಿಲ್ಲ, ತಿರುಗುವುದೂ ಇಲ್ಲ. ಅವಳ ಮುಂದೆ ನೀಲಿ ಕೋಟು ಓಡುತ್ತಿತ್ತು. ರಸ್ತೆ ಬದಿಯ ಚರಂಡಿ ತುಂಬಿ ಹರಿಯುತ್ತಿದ್ದಲ್ಲಿ ಹುಡುಗಿ ಒಂದು ಗಳಿಗೆ ನಿಂತಳು. ಒದ್ದೆ ಮೊಣಕಾಲುಗಳು, ಕೆಸರು ಹಾರಿದ ಮೀನಖಂಡ, ಚಪ್ಪಲಿಯ ಹಿಮ್ಮಡಿ, ಎಲ್ಲವೂ ಕಾಣುತ್ತಿತ್ತು. ಸೇವಂತಿ ಕಣ್ಣು ತೆಗೆಯದೆ ನೋಡಿದಳು. ಹುಡುಗಿ ಎರಡೂ ಕಾಲು ಎತ್ತಿ ಹಾರಿ, ಆಚೆ ಹೋಗಿ ನಿಂತಳು.